ಜುಲ್ಮೀರಾ ದೊಡ್ಡಮ್ಮನ ಕಟ್ಟಿಸಿದ ಹಲ್ಲು

ನಮ್ಮೂರು ಲಗೋವಾ ಮಾನ್ಸಾದಲ್ಲಿ ಹುಟ್ಟಿದ ಯಾವ ಕೂಸೂ ಜುಲ್ಮೀರಾ ದೊಡ್ಡಮ್ಮನ ಮುಂದೆ ಒಂದು ಸಲವಾದರೂ ಬಾಯಿ ತೆರೆಯದೆ ದೊಡ್ಡದಾಗಿಲ್ಲ. ಹಸುಗೂಸಿನ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಮೊಸರು ಮೆತ್ತಿದ ಹಾಗೆ ಬಿಳಿ ಮಚ್ಚೆ ಏಳುತ್ತದಲ್ಲ, ಅದಕ್ಕೆ ನಮ್ಮ ಕಡೆ ಕಪ್ಪೆಮರಿ ಎನ್ನುತ್ತಾರೆ. ಕಪ್ಪೆಮರಿ ಬಂದ ಕೂಸು ಹಾಲು ಬಿಟ್ಟು ಕಿರುಚುತ್ತದೆ. ತಾಯಿ ಅದನ್ನು ಎತ್ತಿಕೊಂಡು ದೊಡ್ಡಮ್ಮನ ಹಿತ್ತಲಿಗೆ ಓಡುತ್ತಾಳೆ. ದೊಡ್ಡಮ್ಮ ಘಾಟು ವಾಸನೆಯ ಒಂದು ಸೊಪ್ಪಿನ ಕಡ್ಡಿ ಮುರಿದು, ಕೂಸಿನ ಬಾಯಿಯ ಮುಂದೆ ಶಿಲುಬೆ ಬರೆದು, ತುಟಿಯಲ್ಲೇ ಏನೋ ಪ್ರಾರ್ಥನೆ ಗೊಣಗಿ, ಕಡೆಗೆ ತಾಯಿಯನ್ನು ಚೆನ್ನಾಗಿ ಬೈಯುತ್ತಾಳೆ. ಬೈಗುಳವಿಲ್ಲದೆ ಪ್ರಾರ್ಥನೆ ಹತ್ತುವುದಿಲ್ಲ ಎಂಬುದು ಅವಳ ನಂಬಿಕೆ.

ನಾನು ಅವಳ ತಂಗಿಯ ಮಗಳು, ಲಿಂದಾಲ್ವಾ. ಸರ್ಕಾರಿ ಆರೋಗ್ಯ ಕೇಂದ್ರದ ಕೆಲಸ ನನ್ನದು. ಮನೆ ಮನೆ ತಿರುಗಿ ಯಾರ ರಕ್ತದೊತ್ತಡ ಏರಿದೆ, ಯಾವ ಮಗುವಿಗೆ ಲಸಿಕೆ ಬಾಕಿ ಇದೆ ಎಂದು ನೋಡಿಕೊಳ್ಳಬೇಕು. ದೊಡ್ಡಮ್ಮನಿಗೂ ನನಗೂ ಮೊದಲು ದೊಡ್ಡ ಜಗಳವಿತ್ತು. ಅವಳು ಕೂಸುಗಳ ಬಾಯಿಗೆ ಗುಲಾಬಿ ಜೇನು ಸವರುತ್ತಿದ್ದಳು. ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು, ಜೀವಕ್ಕೇ ಅಪಾಯ ಎಂದು ನಾನು ಹೇಳಿದ್ದಕ್ಕೆ, ಈಸ್ಟರ್‌ನಿಂದ ಹಿಡಿದು ಮಳೆ ಮುಗಿಯುವವರೆಗೆ ಮುಖ ತಿರುಗಿಸಿಕೊಂಡಳು. ಕೊನೆಗೆ ಅವಳೇ ರಾಜಿಗೆ ಬಂದಳು. ಪ್ರಾರ್ಥನೆ ಮತ್ತು ಬೈಗುಳ ಅವಳದು, ಹನಿ ಔಷಧಿ ನಮ್ಮ ಕೇಂದ್ರದ್ದು. ಆಮೇಲೆ ನೋಡಬೇಕಿತ್ತು ಅವಳ ಉತ್ಸಾಹ!

"ಏನೇ ಹುಡುಗಿ, ಕೂಸಿನ ಬಾಯಿಗೆ ಮಾತ್ರ ಔಷಧಿ ಹಾಕಿದ್ರೆ ಆಯ್ತಾ? ನಿನ್ನ ಮೊಲೆತೊಟ್ಟಿಗೂ ಹಚ್ಕೋಬೇಕು. ಕೂಸು ಚೀಪೋ ಆ ರಬ್ಬರ್ ನಿಪ್ಪಲ್ಲನ್ನ ಕುದಿಸು. ನೆಲಕ್ಕೆ ಬಿದ್ದಿದ್ದನ್ನ ನೀನು ನೆಕ್ಕಿ ವಾಪಸ್ ಅದರ ಬಾಯಿಗೆ ತುರುಕ್ತೀಯಲ್ಲ, ನಾಚಿಕೆ ಆಗಲ್ವಾ? ಕಪ್ಪೆಮರೀನ ಈ ಕಡೆಯಿಂದ ಓಡಿಸಿದ್ರೆ ಆ ಕಡೆಯಿಂದ ಕುಪ್ಪಳಿಸ್ಕೊಂಡು ಬರತ್ತೆ!" ಎಂದು ಅವಳು ಕೂಗುವುದು ಚರ್ಚಿನವರೆಗೆ ಕೇಳಿಸುತ್ತಿತ್ತು.

ಇಂಥ ಗಟ್ಟಿ ಹೆಂಗಸಿಗೆ ಒಂದೇ ಒಂದು ಗುಟ್ಟಿತ್ತು. ಗುಟ್ಟು ಎಂದರೆ ಊರಿಗೆಲ್ಲ ಗೊತ್ತಿದ್ದದ್ದೇ, ನೋಡಿದವರು ಮಾತ್ರ ಯಾರೂ ಇರಲಿಲ್ಲ. ಅವಳ ಬಾಯಲ್ಲಿ ಸ್ವಂತ ಹಲ್ಲು ಒಂದೂ ಇರಲಿಲ್ಲ.

ಆ ಕಾಲದಲ್ಲಿ ನಮ್ಮ ಕಡೆ ಮರ್ಯಾದಸ್ಥ ಮನೆಯ ಹುಡುಗಿಗೆ ಮದುವೆಗೆ ಮುಂಚೆ ಹಲ್ಲು ಕೀಳಿಸುತ್ತಿದ್ದರು. ಹುಳುಕು ಹಲ್ಲನ್ನಷ್ಟೇ ಅಲ್ಲ, ಒಳ್ಳೆಯದನ್ನೂ ಸೇರಿಸಿ ಎಲ್ಲವನ್ನೂ. ಮುಂದೆ ಗಂಡನ ಮನೆಗೆ ಹಲ್ಲುನೋವಿನ ತಾಪತ್ರಯ ಬರಬಾರದಲ್ಲ! ಕೀಳಿಸಿ ಬೆಳ್ಳಗೆ ಹೊಳೆಯುವ ಹೊಸ ಹಲ್ಲು ಕಟ್ಟಿಸಿ ಕಳಿಸುವುದು ತಂದೆಯ ಉಡುಗೊರೆ. ನನ್ನ ಅಜ್ಜ ಅಭಿಮಾನದ ಮನುಷ್ಯ. ಹಿರಿಮಗಳ ಹಲ್ಲಿನ ಸೆಟ್ಟಿನಲ್ಲಿ ಒಂದು ಚಿನ್ನದ ಹಲ್ಲನ್ನೂ ಕೂರಿಸಿದ. ಅಜ್ಜಿ ಮದುವೆಯ ಬೆಳಿಗ್ಗೆ ಮಗಳ ಕಿವಿಯಲ್ಲಿ, ಗಂಡನ ಕಣ್ಣಿಗೆ ಬರಿಬಾಯಿ ಬೀಳಕೂಡದು, ಬಿದ್ದ ದಿನ ಅವನ ಪ್ರೀತಿ ಮುಗಿದ ಹಾಗೆ ಎಂದಳಂತೆ. ಇಂಥ ಮಾತು ಹೇಳಿಕೊಟ್ಟವಳು ನನ್ನ ಅಜ್ಜಿಯಾದರೂ ನನಗೆ ಸಿಟ್ಟು ಬರುತ್ತದೆ.

ದೊಡ್ಡಮ್ಮ ಆ ಮಾತನ್ನು ದೇವರ ಆಣೆಯ ಹಾಗೆ ನಡೆಸಿದಳು. ನಮ್ಮಲ್ಲಿ ದೊಡ್ಡವರೂ ಮಲಗುವುದು ಗೋಡೆಯಿಂದ ಗೋಡೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ. ಗಂಡಹೆಂಡಿರಿಗೆ ಒಂದೇ ಅಗಲವಾದ ಜೋಲಿ. ಅದರಲ್ಲಿ ಮಲಗಿದ ಇಬ್ಬರು ದೂರ ಇರಬೇಕೆಂದರೂ ಆಗದು. ಆ ಜೋಲಿಯಲ್ಲಿ ಅವಳು ಬಾಯ್ತುಂಬ ಹಲ್ಲಿಟ್ಟುಕೊಂಡೇ ಮಲಗಿದಳು, ಹೆತ್ತಳು, ಜ್ವರದಲ್ಲಿ ನರಳಿದಳು. ಗಂಡ ಏಳುವ ಮುಂಚೆ ಹಿತ್ತಲ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ಸೆಟ್ಟನ್ನು ನೀರಿನಲ್ಲಿ ಅದ್ದಿದಳೋ ಇಲ್ಲವೋ ಎನ್ನುವಷ್ಟು ಬೇಗ ಮತ್ತೆ ಹಾಕಿಕೊಂಡು ಬರುತ್ತಿದ್ದಳು. ನಡುವೆ ಒಮ್ಮೆ ಹಳೆಯದು ಮುರಿದಾಗ, ತಾಯಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ತವರಿಗೆ ಹೋಗಿ, ಅದೇ ಚಿನ್ನದ ಹಲ್ಲು ಕೂರಿಸಿದ ಹೊಸ ಸೆಟ್ಟಿನೊಂದಿಗೆ ವಾಪಸಾದಳು.

ಗಂಡ ಬೆಲಾರ್ಮಿನು, ನನ್ನ ದೊಡ್ಡಪ್ಪ, ಜೋಲಿಗಳ ಅಂಚಿಗೆ ಕುಚ್ಚು ಹೆಣೆಯುವವನು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ದಿನವಿಡೀ ದಾರಕ್ಕೆ ಗಂಟು ಹಾಕುತ್ತಾನೆ. ಮಾತು ಕಡಿಮೆ. ಹೆಂಡತಿ ಆಡುವುದು ಇಬ್ಬರಿಗೂ ಸಾಕಾಗುತ್ತಿತ್ತು.

ಈ ಜೂನ್‌ನಲ್ಲಿ, ಬೀದಿಯಲ್ಲಿ ಸೌದೆ ಒಟ್ಟಿ ಬೆಂಕಿ ಹಾಕುವ ಸಾವ್ ಜುವಾಂವ್ ಹಬ್ಬದ ತಯಾರಿ ಶುರುವಾದಾಗ ಒಂದು ವಿಚಿತ್ರ ನಡೆಯಿತು. ಬೀದಿಗೆಲ್ಲ ಮುಸುಕಿನ ಜೋಳ ಸುಡುವ ವಾಸನೆ ಹಬ್ಬಿದರೂ ದೊಡ್ಡಮ್ಮ ಒಂದು ತೆನೆಯನ್ನೂ ಮುಟ್ಟಲಿಲ್ಲ. ಜೋಳದ ಸಿಪ್ಪೆಯಲ್ಲಿ ಕಟ್ಟಿ ಬೇಯಿಸಿದ ಪಮೋನ್ಯ ಕಡುಬು ತಂದುಕೊಟ್ಟರೆ "ಆಮೇಲೆ ತಿಂತೀನಿ" ಎಂದು ಮುಚ್ಚಿಟ್ಟಳು. ಅವಳ ರವಿಕೆ ತೋಳಿನಲ್ಲಿ ಸಡಿಲವಾಗಿತ್ತು. ಬಾಯಿಯ ಎರಡೂ ಮೂಲೆ ಒಡೆದು ಕೆಂಪಾಗಿತ್ತು. ಎಲ್ಲಕ್ಕಿಂತ ನನಗೆ ಹೆದರಿಕೆಯಾದದ್ದು, ಅವಳು ಬೈಯುವುದನ್ನು ಬಿಟ್ಟಿದ್ದಳು. ಕೂಸುಗಳ ತಾಯಂದಿರು ಬೈಗುಳವಿಲ್ಲದೆ ಮನೆಗೆ ಹೋಗುತ್ತಿದ್ದರು.

"ಏನಾಗಿದೆ ದೊಡ್ಡಮ್ಮ?"

"ಗಾಳಿ ಕಣೇ. ಒಣಗಾಳಿಗೆ ತುಟಿ ಒಡೀತು."

ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಯಾರೋ ಹೇಳಿದ ತಮಾಷೆಗೆ ಅವಳು ಮರೆತು ಬಾಯಿ ತೆರೆದು ನಕ್ಕಳು. ತುಟಿ, ವಸಡು, ಹಲ್ಲಿನ ಸಂದು ಎಲ್ಲ ಗಾಢ ನೀಲಿ! ಚಿನ್ನದ ಹಲ್ಲೊಂದೇ ನೀಲಿಯ ನಡುವೆ ಮಿಣಮಿಣ ಅನ್ನುತ್ತಿತ್ತು. ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ನೇರಳೆ ಹಣ್ಣು ತಿಂದೆ" ಎಂದಳು ದೊಡ್ಡಮ್ಮ, ಬಾಯಿಗೆ ಕೈ ಅಡ್ಡ ಹಿಡಿದು. "ನಂಗೆ ನೇರಳೆ ಅಂದ್ರೆ ಪ್ರಾಣ, ಗೊತ್ತಲ್ಲ."

ಯಾರಿಗೂ ಗೊತ್ತಿರಲಿಲ್ಲ. ನೇರಳೆಯ ಕಾಲ ಮುಗಿದು ಮರಗಳು ಬರಿದಾಗಿದ್ದವು. ನನಗೆ ಮಾತ್ರ ತಟ್ಟನೆ ಹೊಳೆಯಿತು. ಹಿಂದೆ ಕಪ್ಪೆಮರಿಗೆ ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದ ನೀಲಿ ಔಷಧಿ ಅದು, ಬಟ್ಟೆಗೆ ತಗುಲಿದರೆ ಬಟ್ಟೆ ಹರಿಯುವವರೆಗೂ ಹೋಗುವುದಿಲ್ಲ. ನಾನು ಅವಳ ತೋಳು ಹಿಡಿದು ಬೇವಿನ ನೆರಳಿಗೆ ಎಳೆದೆ.

"ಕೂಸುಗಳ ಔಷಧೀನ ನಿನ್ನ ಬಾಯಿಗೆ ಯಾಕೆ ಬಳ್ಕೊಂಡೆ?"

ಅವಳು ಸುತ್ತ ನೋಡಿದಳು. ಗಂಡ ದೂರದಲ್ಲಿ ಯಾರೊಡನೆಯೋ ನಿಂತಿದ್ದ. "ಹಲ್ಲಿನ ಸೆಟ್ಟಿನ ಅಡಿ ಉರೀತದೆ ಕಣೇ, ಲಿಂದಾ. ಬೆಂಕಿ ಇಟ್ಟ ಹಾಗೆ. ಕಾಫಿ ಕುಡಿಯಕ್ಕಾಗಲ್ಲ. ಉಪ್ಪು ಸೋಕಿದ್ರೆ ಜೀವ ಹೋಗತ್ತೆ. ನಿಮ್ಮ ದೊಡ್ಡಪ್ಪಂಗೆ ಹೇಳಿದ್ಯೋ, ನಿನ್ನ ಹುಟ್ಟಡಗಿಸಿಬಿಡ್ತೀನಿ."

ಬೈದಳಲ್ಲ, ಸದ್ಯ ಎಂದು ನನಗೆ ಸಮಾಧಾನವಾಯಿತು. ಮಾರನೆಯ ದಿನ ನಮ್ಮ ಕೇಂದ್ರದ ಹಲ್ಲಿನ ಡಾಕ್ಟರ್ ಮಿರೆಲಾ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ಮಿರೆಲಾ ಚಿಕ್ಕ ವಯಸ್ಸಿನವಳು, ಜಾಣೆ, ಮುದುಕಿಯರ ಜೊತೆ ಅವಸರ ಮಾಡುವವಳಲ್ಲ. ಹಲ್ಲು ತೆಗೆಯಿರಿ ಎಂದಾಗ ದೊಡ್ಡಮ್ಮ ಮೊದಲು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

"ಬನ್ನಿ, ಕನ್ನಡೀಲಿ ನೀವೇ ನೋಡಿ" ಎಂದಳು ಮಿರೆಲಾ. "ಅಂಗುಳ ನೋಡಿ, ಸೆಟ್ಟು ಎಲ್ಲೆಲ್ಲಿ ಕೂತ್ಕೊಳತ್ತೋ ಅಲ್ಲೆಲ್ಲ ಕೆಂಪು. ಸೆಟ್ಟಿನ ನಕ್ಷೆ ಬರೆದ ಹಾಗಿದೆ. ಇದು ಕ್ಯಾಂಡಿಡಾ, ಒಂದು ಜಾತಿ ಬೂಷ್ಟು. ಬ್ರೆಡ್ಡು ಉಬ್ಬಿಸೋ ಯೀಸ್ಟ್ ಇಲ್ವಾ, ಅದರ ಸಂಬಂಧಿ. ಎಲ್ಲರ ಬಾಯಲ್ಲೂ ಒಂಚೂರು ಇರತ್ತೆ, ತೆಪ್ಪಗಿರತ್ತೆ. ಹಗಲೂ ರಾತ್ರಿ ಮುಚ್ಚಿಟ್ಟು ಬೆಚ್ಚಗೆ, ಒದ್ದೆಯಾಗಿ ಇಟ್ರೆ ಮಾತ್ರ ಹೆಚ್ಕೊಳತ್ತೆ."

"ಹೆಸರು ದೊಡ್ಡದಾಯ್ತು. ನಮ್ಮ ಭಾಷೇಲಿ ಹೇಳು ತಾಯಿ."

"ನಿಮ್ಮ ಭಾಷೇಲಿ ಕಪ್ಪೆಮರಿ."

ಗೋಡೆ ನೋಡುತ್ತ ನಿಂತಿದ್ದ ನಾನು ನಗು ತಡೆಯಲಾರದೆ ಭುಜ ಕುಣಿಸಿದೆ. ಊರ ಕೂಸುಗಳ ಬಾಯಿಂದ ಕಪ್ಪೆಮರಿ ಓಡಿಸಿದವಳು ತನ್ನ ಬಾಯಲ್ಲಿ ಅದರ ಕುಟುಂಬವನ್ನೇ ಸಾಕಿದ್ದಳು!

"ನಗು, ನಗು" ಎಂದಳು ದೊಡ್ಡಮ್ಮ, ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತ. "ನಿನಗೂ ಒಂದಿನ ಹಲ್ಲು ಬೀಳತ್ತೆ."

ಮಿರೆಲಾ ಬೆರಳಿನಿಂದ ರಕ್ತ ತೆಗೆಸಿ ಸಕ್ಕರೆ ನೋಡಿಸಿದಳು, ಸಕ್ಕರೆ ಸರಿಯಾಗಿತ್ತು. ನೀಲಿ ಔಷಧಿ ನಿಲ್ಲಿಸಿ ಎಂದಳು. ನಿಸ್ಟಾಟಿನ್ ಎಂಬ ಹಳದಿ ಔಷಧಿ ಕೊಟ್ಟು, ಸೆಟ್ಟು ತೆಗೆದಿಟ್ಟು ಬಾಯ್ತುಂಬ ಆಡಿಸಬೇಕು, ಉರಿ ನಿಂತಿತೆಂದು ನಡುವೆ ಬಿಡಬಾರದು ಎಂದಳು. ಸೆಟ್ಟನ್ನು ಮೆತ್ತನೆಯ ಬ್ರಷ್ಷು, ಸೋಪಿನಿಂದ ದಿನವೂ ಉಜ್ಜಬೇಕು. ಬ್ಲೀಚಿಂಗ್ ನೀರು ಬೇಡ, ಚಿನ್ನದ ಹಲ್ಲು ಕೆಡುತ್ತದೆ. ಇಷ್ಟಕ್ಕೆಲ್ಲ ದೊಡ್ಡಮ್ಮ ತಲೆಯಾಡಿಸಿದಳು.

"ಮತ್ತೆ ರಾತ್ರಿ ಮಲಗೋವಾಗ ತೆಗೆದು ನೀರಿನ ಲೋಟದಲ್ಲಿ ಇಡಬೇಕು. ಬಾಯಿಗೆ ರೆಸ್ಟ್ ಬೇಕು."

ತಲೆ ನಿಂತಿತು. "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು."

"ಅದು ಬಿಟ್ರೆ ಬೇರೆ ಯಾವುದೂ ನಿಲ್ಲಲ್ಲ, ಅಮ್ಮ."

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬಡಕೊಂಡೆ. "ಆ ಹುಡುಗೀರಿಗೆ ನೀನೇ ಹೇಳ್ತೀಯಲ್ಲ ದೊಡ್ಡಮ್ಮ, ಬಾಯಿಗೆ ಔಷಧಿ ಹಾಕಿ ನಿಪ್ಪಲ್ಲು ಕುದಿಸದಿದ್ರೆ ಏನು ಉಪಯೋಗ ಅಂತ? ನಿನ್ನ ನಿಪ್ಪಲ್ಲು ಈ ಸೆಟ್ಟೇ!"

"ನಿಂಗೆ ಗಂಡ ಇಲ್ಲ. ನಿಂಗೇನು ಗೊತ್ತಾಗತ್ತೆ?" ಎಂದಳು. "ಅವ್ರು ನನ್ನ ಒಂದಿನಾನೂ ಹಾಗೆ ನೋಡಿಲ್ಲ. ಈ ವಯಸ್ಸಲ್ಲಿ ನೋಡಿ ಅಸಹ್ಯ ಪಟ್ಕೊಂಡು ಮುಖ ತಿರುಗಿಸಿದ್ರೆ ನಾನು ಯಾಕೆ ಬದುಕಿರ್ಬೇಕು?"

ಅದು ತಮಾಷೆಯ ಮಾತಾಗಿರಲಿಲ್ಲ.

ದೊಡ್ಡಮ್ಮ ಅಷ್ಟಕ್ಕೆ ಸೋಲುವವಳಲ್ಲ. ಅಂದು ಸಂಜೆಯೇ ಮುಂದಿನ ಕೋಣೆಯಲ್ಲಿ ಒಂದು ಒಂಟಿ ಜೋಲಿ ಕಟ್ಟಿದಳು. "ನಿಮ್ಮ ಗೊರಕೆಗೆ ನಿದ್ದೆ ಬರ್ತಿಲ್ಲರೀ" ಎಂದಳು. ಚಿಲಕ ಹಾಕಿಕೊಂಡು, ಹಲ್ಲನ್ನು ಲೋಟದಲ್ಲಿಟ್ಟು ಮಲಗಿದಳು. ಉಪಾಯ ಚೆನ್ನಾಗಿಯೇ ಇತ್ತು. ಬಡಪಾಯಿ ಗಂಡನೊಬ್ಬನನ್ನು ಮಾತ್ರ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆ ವಾರ ನಾನು ಹೋದಾಗಲೆಲ್ಲ ದೊಡ್ಡಪ್ಪ ದಾರ ಹಿಡಿದು ಸುಮ್ಮನೆ ಕೂತಿರುತ್ತಿದ್ದ. ಕುಚ್ಚಿನ ಗಂಟುಗಳು ಸೊಟ್ಟಗಾಗಿದ್ದವು. ಒಂದು ದಿನ ನನ್ನನ್ನು ಕೈಸನ್ನೆ ಮಾಡಿ ಹತ್ತಿರ ಕರೆದ.

"ಲಿಂದಾ, ನಾನು ಮೊದ್ಲಿಂದಲೂ ಗೊರಕೆ ಹೊಡೀತೀನಿ, ಅಲ್ವಾ?"

"ಹೌದು ದೊಡ್ಡಪ್ಪ. ಬೀದಿಗೆಲ್ಲ ಗೊತ್ತು."

"ಮತ್ತೆ ಈಗ ಯಾಕೆ? ನಾನೇನು ತಪ್ಪು ಮಾಡ್ದೆ? ಕೇಳಿದ್ರೆ ಹೇಳಲ್ಲ. ನನ್ನ ಕಡೆ ತಿರುಗಿ ನಗೋದೂ ಇಲ್ಲ."

ಅವನ ಕಣ್ಣು ತುಂಬಿತ್ತು. ಆದರೆ ದೊಡ್ಡಮ್ಮ ಹೇಳಕೂಡದು ಎಂದಿದ್ದಳು. ಅವಳ ಬಾಯಿ, ಅವಳೇ ಹೇಳಬೇಕು. "ನೀವೇ ಒಂದ್ಸಲ ಚೆನ್ನಾಗಿ ಮಾತಾಡಿಸಿ" ಎಂದಷ್ಟೇ ಹೇಳಿದೆ. ಮಾತಾಡಿಸುವುದೆಂದರೆ ಅವನಿಗೆ ಬೆಟ್ಟ ಹತ್ತಿದ ಹಾಗೆ. ಬೆಟ್ಟ ಹತ್ತುವುದೇ ಸುಲಭ ಎನ್ನಿಸಿರಬೇಕು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನೂ ದೊಡ್ಡಮ್ಮನೂ ಅಡುಗೆಮನೆಯಲ್ಲಿ ಜೋಳ ತುರಿಯುತ್ತಿದ್ದೆವು. ಬೆಳಿಗ್ಗೆ ಹೇಳದೆ ಕೇಳದೆ ಹೊರಟಿದ್ದ ದೊಡ್ಡಪ್ಪ ಬಾಡಿಗೆ ಮೋಟಾರ್‌ಬೈಕಿನ ಹಿಂದೆ ಕೂತು ಬಂದಿಳಿದ. ಅಂಗಿಯ ಮುಂಭಾಗವೆಲ್ಲ ಕಲೆ. ಮೊಣಕೈ ತರಚಿತ್ತು. ಹುಲ್ಲಿನ ಟೋಪಿಯನ್ನು ತಲೆಗೆ ಹಾಕುವ ಬದಲು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದಿದ್ದ. ಅದರ ತುಂಬ ನೇರಳೆ ಹಣ್ಣು.

"ಬೆಟ್ಟದ ಹಿಂದಿನ ತೋಟದಲ್ಲಿ ಒಂದು ಮರ ತಡವಾಗಿ ಬಿಡತ್ತೆ ಅಂದ್ರು" ಎಂದ. ಟೋಪಿಯನ್ನು ಮೇಜಿನ ಮೇಲಿಟ್ಟ. "ನಿಂಗೆ ನೇರಳೆ ಅಂದ್ರೆ ಪ್ರಾಣ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅವತ್ತು ಚರ್ಚಲ್ಲಿ ಬೇರೆಯೋರಿಗೆ ಹೇಳ್ದಾಗ ಗೊತ್ತಾಯ್ತು. ಅದಕ್ಕೇ ಸಿಟ್ಟಾ ನಿಂಗೆ?"

ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಜೋಳದ ತುರಿಯನ್ನು ನೋಡಿದೆ. ಈ ವಯಸ್ಸಿನಲ್ಲಿ ಮರ ಹತ್ತಿದವನ ಮುಂದೆ ಬೇಡ ಎನ್ನುವುದು ಹೇಗೆ? ಅವಳು ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ಔಷಧಿ ಶುರುವಾಗಿ ವಾರವಾಗಿತ್ತಷ್ಟೇ. ಬಾಯಿ ಇನ್ನೂ ಹಸಿ ಹುಣ್ಣು. ಒಗರು ರಸ ಸೋಕುತ್ತಲೇ ಅವಳ ಬೆನ್ನು ಸೆಟೆಯಿತು. ನುಂಗಿದಳು. ಅವನು ನೋಡುತ್ತಿದ್ದಾನೆಂದು ಇನ್ನೊಂದು ಹಾಕಿಕೊಂಡಳು. ಕಣ್ಣಿಂದ ನೀರು ಧಾರಾಕಾರ ಇಳಿಯಿತು.

"ಹುಳೀನಾ? ಹಣ್ಣಾಗಿದೆ ಅಂತ ಮುಟ್ಟಿ ಮುಟ್ಟಿ ಕಿತ್ತೆನಲ್ಲ! ಇದೂ ಸರಿಹೋಗ್ಲಿಲ್ವಾ?" ಅವನು ಟೋಪಿಯನ್ನು ಎಳೆದುಕೊಂಡ. "ಬಿಡು. ನಾನು ಏನು ಮಾಡಿದ್ರೂ ಸರಿಯಿಲ್ಲ."

ಹೋಗಲು ತಿರುಗಿದವನ ಅಂಗಿಯ ತುದಿಯನ್ನು ಅವಳು ಹಿಡಿದಳು.

"ಕೂತ್ಕೊಳ್ರೀ."

ಕೂತ. ಅವಳು ನನಗೆ ಹೊರಗೆ ಹೋಗು ಎನ್ನಲಿಲ್ಲ; ನಾನಿದ್ದದ್ದನ್ನೇ ಮರೆತಿದ್ದಳೋ ಏನೋ. ಗೋಡೆಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಮೇಲಿನದು ಕೆಳಗಿನದು ಎರಡನ್ನೂ ತೆಗೆದು, ಅವನ ಕಡೆ ತಿರುಗಿದಳು. ಕೆನ್ನೆ ಒಳಕ್ಕೆ ಹೋಯಿತು, ಗಲ್ಲ ಮೂಗಿನ ಹತ್ತಿರ ಬಂತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತಾನು ನೋಡುವ ಕೂಸುಗಳ ಹಾಗೆ ಬಾಯಿ ಅಗಲಿಸಿ ತೋರಿಸಿದಳು. ಅವಳ ಕೈಯಲ್ಲಿದ್ದ ಹಲ್ಲು ಕಟಕಟ ಅನ್ನುತ್ತಿತ್ತು.

ದೊಡ್ಡಪ್ಪ ಎದ್ದು ಹತ್ತಿರ ಹೋಗಿ, ಬಗ್ಗಿ, ದಾರದ ಗಂಟು ನೋಡುವ ಹಾಗೆ ಒಳಗೆ ನೋಡಿದ. ಮುಖ ತಿರುಗಿಸಲಿಲ್ಲ.

"ಇಷ್ಟು ಕೆಂಪಾಗಿದೆ" ಎಂದ. "ಯಾವಾಗಿಂದ?"

"ಈಸ್ಟರ್‌ಗೂ ಮುಂಚಿಂದ."

"ನನ್ನ ಪಕ್ಕದಲ್ಲೇ ಮಲಕ್ಕೊಂಡು ಇಷ್ಟು ನೋವು ತಿಂದ್ಯಾ?" ಅವನ ದನಿ ಎಂದೂ ಏರದ್ದು ಏರಿತು. "ನನ್ನ ಏನಂತ ತಿಳ್ಕೊಂಡಿದ್ದೆ ನೀನು?"

"ಗಂಡ ಅಂತ" ಎಂದಳು ಅವಳು. ಹಲ್ಲಿಲ್ಲದ್ದಕ್ಕೆ ಅದು ಅರ್ಧ ಗಾಳಿಯಾಗಿ ಬಂತು. ಅವನಿಗೆ ಅರ್ಥವಾಯಿತು.

ಬಾಯಿ ವಾಸಿಯಾದ ಸುದ್ದಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಔಷಧಿ, ಸೋಪು, ರಾತ್ರಿಯ ಲೋಟ, ಮೂರೂ ಸೇರಿ ಮುಂದಿನ ತಿಂಗಳ ಹೊತ್ತಿಗೆ ಅಂಗುಳ ತಿಳಿಗುಲಾಬಿಯಾಯಿತು. ಹಳೆಯ ಸೆಟ್ಟು ಸವೆದು ಸಡಿಲವಾಗಿದ್ದರಿಂದ ಮಿರೆಲಾ ಹೊಸದಕ್ಕೆ ಅಳತೆ ತೆಗೆದಳು. ಈಗ ಹಿತ್ತಲಿಗೆ ಕೂಸು ತರುವ ಅಜ್ಜಿಯರೂ ಬಾಯಿ ತೆರೆದು ತೋರಿಸಬೇಕು. ಹಲ್ಲು ಹಾಕಿಕೊಂಡೇ ಮಲಗುತ್ತೇವೆಂದು ಒಪ್ಪಿಕೊಂಡವರಿಗೆ ಕೂಸಿನ ತಾಯಿಗಿಂತ ದುಪ್ಪಟ್ಟು ಬೈಗುಳ. ಮಿರೆಲಾ ಇಷ್ಟು ವರ್ಷ ಹೇಳಿದರೂ ಕೇಳದವರು ಈಗ ಕೇಳುತ್ತಿದ್ದಾರೆ. ಆದರೆ ನಾನು ಹೇಳಹೊರಟದ್ದು ಇದಲ್ಲ, ಆ ಮಧ್ಯಾಹ್ನ ಆಮೇಲೆ ನಡೆದದ್ದು.

ದೊಡ್ಡಪ್ಪ ಕೈ ಚಾಚಿದ. "ಕೊಡಿಲ್ಲಿ."

"ಏನನ್ನ?"

"ಹಲ್ಲು. ಲಿಂದಾ, ಇದನ್ನ ಹೇಗೆ ತೊಳೀಬೇಕು ಹೇಳು."

ನಾನು ಹೇಳಿದೆ. ಅವನು ಬ್ರಷ್ಷು, ಸೋಪು, ಒಂದು ತಟ್ಟೆ ನೀರು ತೆಗೆದುಕೊಂಡು, ಹಿತ್ತಲಿನ ಬಚ್ಚಲಿಗೆ ಹೋಗದೆ, ನೇರ ಮುಂಬಾಗಿಲಿನ ತನ್ನ ಕುರ್ಚಿಗೆ ಹೋಗಿ ಕೂತ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕುಚ್ಚು ಹೆಣೆಯುವ ಬೆರಳುಗಳಿಂದ ಒಂದೊಂದೇ ಹಲ್ಲಿನ ಸಂದಿನ ನೀಲಿಯನ್ನು ಮೆಲ್ಲಗೆ ಉಜ್ಜತೊಡಗಿದ. ಹಬ್ಬದ ಹಿಂದಿನ ದಿನ, ಬೀದಿ ತುಂಬ ಜನ. ಸೌದೆ ಹೊತ್ತವರು, ಕಾಗದದ ತೋರಣ ಕಟ್ಟುವವರು, ಎಲ್ಲರೂ ಕೈ ನಿಲ್ಲಿಸಿ ನೋಡಿದರು.

ದೊಡ್ಡಮ್ಮ ಬಾಗಿಲ ಹಿಂದೆ ಅಡಗಿ, ಸೆರಗಿಲ್ಲದ ಕಾರಣ ಅಡುಗೆ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು, ಪಿಸುಗುಟ್ಟುವ ಬದಲು ಕೂಗಿಯೇಬಿಟ್ಟಳು. "ಒಳಗೆ ಬನ್ರೀ! ಮಾನ ಹೋಗತ್ತೆ! ಊರೆಲ್ಲ ನೋಡ್ತಿದೆ!"

"ನೋಡ್ಲಿ" ಎಂದ ದೊಡ್ಡಪ್ಪ, ತಲೆಯೆತ್ತದೆ. "ಊರೋರು ನೋಡಿದ ಮೇಲೆ ಇನ್ಯಾರಿಂದ ಮುಚ್ಚಿಡ್ತೀಯ? ನೀನು ಒಳಗೆ ಹೋಗಿ ದೊಡ್ಡ ಜೋಲಿ ಕೊಡವಿ ಹಾಕು. ನಾನು ಇದನ್ನ ತೊಳೆದು ತರ್ತೀನಿ."